ಚಂದ್ರನಿಗೆ ಮಡಿ, ಮಂಗಳನಿಗೆ ಕಡುಮಡಿ

ಮಳೆಗಾಲ ಬಂತೆಂದರೆ ಆರ್.ಟಿ. ನಗರದ ನಮ್ಮ ಬೀದಿಯ ಕಾಂಪೌಂಡ್ ಗೋಡೆಗಳೆಲ್ಲ ಹಸಿರು ಹೊದ್ದುಕೊಳ್ಳುತ್ತವೆ. ಬೇಸಿಗೆಗೆ ಅದೇ ಪಾಚಿ ಕಂದು ಹಕ್ಕಳೆಯಾಗಿ ಒಣಗುತ್ತದೆ, ಉಗುರಿನಲ್ಲಿ ಕೆರೆದರೆ ಪುಡಿಪುಡಿ. ಎದುರು ಮನೆಯ ಯಜಮಾನರು ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು ನಿವೃತ್ತರಾದವರು. ಯುಗಾದಿಗೆ ಮುಂಚೆ ಸುಣ್ಣ ಬಳಿಸಬೇಕೆಂದು ತಂತಿ ಬ್ರಷ್ ಹಿಡಿದು ಗೋಡೆ ಕೆರೆಯುತ್ತಿದ್ದರು. ನಾನು ಹೋಗಿ ಒಂದು ಚಮಚದಷ್ಟು ಪಾಚಿ ಕೇಳಿದೆ.

"ಏನಪ್ಪ ಮಾಡ್ತೀಯ ಇದನ್ನ? ಸಾರು ಮಾಡ್ತೀಯಾ?"

ಬಟ್ಟಲಲ್ಲಿ ನೀರು ಹಾಕಿ ರಾತ್ರಿಯಿಡೀ ನೆನೆಸಿಟ್ಟು, ಬೆಳಿಗ್ಗೆ ಮಗಳ ಸೂಕ್ಷ್ಮದರ್ಶಕದಡಿ ಒಂದೊಂದೇ ಹನಿ ಇಟ್ಟು ನೋಡುತ್ತ ಅವರನ್ನೂ ಕರೆದೆ. ಆರನೆಯ ಹನಿಯಲ್ಲಿ ಸಿಕ್ಕಿತು. ಗುಂಡಗಿನ ಮೈ, ಎಂಟು ಗಿಡ್ಡ ಕಾಲು, ಕಾಲಿನ ತುದಿಗೆ ಉಗುರು, ಗಾಜಿನ ಮೇಲೆ ಹಿಡಿತ ಸಿಗದೆ ತಡವರಿಸುವ ನಡಿಗೆ. ನೀರುಕರಡಿ. ಉದ್ದ ಅರ್ಧ ಮಿಲಿಮೀಟರಿನ ಆಸುಪಾಸು.

ಬಸ್ಸಿನವರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕೂಗುವ, ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಇಂಥದೇ ಒಂದು ಕಾಂಕ್ರೀಟ್ ಗೋಡೆಯ ಪಾಚಿಯಲ್ಲಿ ಸಂದೀಪ್ ಈಶ್ವರಪ್ಪ ಅವರ ತಂಡಕ್ಕೆ ಒಂದು ನೀರುಕರಡಿ ಸಿಕ್ಕಿತ್ತು. ಅದರ ವಿವರ 2020ರಲ್ಲಿ ಪ್ರಕಟವಾಯಿತು. ತಳಿಯ ಹೆಸರು ಪ್ಯಾರಾಮ್ಯಾಕ್ರೋಬಯೋಟಸ್ ಬಿ.ಎಲ್.ಆರ್.; ಬಿ.ಎಲ್.ಆರ್. ಅಂದರೆ ನಮ್ಮ ಬೆಂಗಳೂರೇ. ಕ್ರಿಮಿ ಕೊಲ್ಲಲೆಂದೇ ಇರುವ ನೇರಳಾತೀತ ದೀಪದಡಿ 15 ನಿಮಿಷ ಇಟ್ಟಾಗ ಇನ್ನೊಂದು ಜಾತಿಯ ನೀರುಕರಡಿಗಳು ಸತ್ತುಹೋದವು. ಈ ಬೆಂಗಳೂರಿನವು ಒಂದು ಗಂಟೆ ಇಟ್ಟರೂ ಅರ್ಧಕ್ಕಿಂತ ಹೆಚ್ಚು ಉಳಿದುಕೊಂಡವು. ಅವುಗಳ ಮೈಯಲ್ಲಿರುವ ಒಂದು ವರ್ಣದ್ರವ್ಯ ಆ ಕೊಲ್ಲುವ ಕಿರಣವನ್ನು ಹೀರಿ, ಏನೂ ಮಾಡದ ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. 2025ರ ಜೂನ್ 25ರಂದು ಭಾರತೀಯ ಯಾನಿ ಶುಭಾಂಶು ಶುಕ್ಲಾ ಆಕ್ಸಿಯಂ-4 ಯಾನದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಇದೇ ತಳಿ ಪ್ರಯೋಗಕ್ಕೆಂದು ಜೊತೆಗೆ ಹೋಯಿತು.

ಯಜಮಾನರು ಕಣ್ಣು ತೆಗೆದು, "ಹೋದ್ರೆ ಹೋಗ್ಲಿ ಬಿಡು. ಅಲ್ಲಿ ಯಾರಿಗೇನು ನಷ್ಟ?" ಅಂದರು.

ಆ ಪ್ರಶ್ನೆಗೆ ಉತ್ತರವಾಗಿ ಅರವತ್ತು ವರ್ಷಗಳಿಂದ ಒಂದು ನೀತಿ ಬೆಳೆಯುತ್ತ ಬಂದಿದೆ. ಇಂಗ್ಲಿಷಿನಲ್ಲಿ ಪ್ಲಾನೆಟರಿ ಪ್ರೊಟೆಕ್ಷನ್, ನಾವು ಗ್ರಹ ಸಂರಕ್ಷಣೆ ಎನ್ನೋಣ. ಅದರ ಬಗ್ಗೆ ಅವರೂ, ಬೆಳಗಿನ ವಾಕಿಂಗ್ ಗುಂಪಿನವರೂ ಹೇಳಿದ ಮಾತುಗಳಲ್ಲಿ ಕೆಲವನ್ನು ಇಲ್ಲಿ ಒಂದೊಂದಾಗಿ ಬಿಡಿಸುತ್ತೇನೆ.

ತಪ್ಪು ಕಲ್ಪನೆ: ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ನೀರಿಲ್ಲ. ಯಾವ ಕ್ರಿಮಿಯೂ ಉಳಿಯುವುದಿಲ್ಲ.

ವಾಸ್ತವ: ಬೆಳೆಯುವುದಿಲ್ಲ ಎಂದರೆ ಸರಿ. ಉಳಿಯುವುದಿಲ್ಲ ಎಂದರೆ ತಪ್ಪು. ಗೋಡೆಯ ಪಾಚಿ ಏಪ್ರಿಲ್‌ನಲ್ಲಿ ಸತ್ತಂತೆ ಬಿದ್ದಿದ್ದು ಮೊದಲ ಮಳೆಗೆ ಎದ್ದು ಕೂರುತ್ತದಲ್ಲ, ಹಾಗೆ. ನೀರು ಬತ್ತಿದಾಗ ನೀರುಕರಡಿ ಕಾಲುಗಳನ್ನು ಒಳಗೆಳೆದುಕೊಂಡು ಒಣದ್ರಾಕ್ಷಿಯಂತೆ ಮುರುಟಿಕೊಳ್ಳುತ್ತದೆ, ಮೈಯ ವ್ಯವಹಾರವೆಲ್ಲ ನಿಂತಂತೆಯೇ ಲೆಕ್ಕ. 2007ರಲ್ಲಿ ಫೋಟಾನ್-ಎಂ3 ನೌಕೆಯ ಹೊರಮೈಯಲ್ಲಿ ಇಂಥವನ್ನು ಇಟ್ಟು ಕಳಿಸಿದ್ದರು. ನಿರ್ವಾತವನ್ನು ಅವು ತಡೆದುಕೊಂಡವು. ಸೂರ್ಯನ ನೇರಳಾತೀತ ಕಿರಣವೂ ಪೂರ್ತಿ ಬಿದ್ದಲ್ಲಿ ಬದುಕಿ ಬಂದದ್ದು ತೀರ ಕೆಲವು. ಬ್ಯಾಸಿಲಸ್ ಬ್ಯಾಕ್ಟೀರಿಯಾದ ಸ್ಪೋರ್‌ಗಳು, ಅಂದರೆ ಗಟ್ಟಿ ಚಿಪ್ಪಿನೊಳಗೆ ಮಲಗಿದ ಬೀಜಾಣುಗಳು, ಬಿಸಿಲು ತಾಗದ ಮರೆಯಲ್ಲಿ ಕಕ್ಷೆಯಲ್ಲೇ ಸುಮಾರು ಆರು ವರ್ಷ ಇದ್ದು 1990ರಲ್ಲಿ ವಾಪಸು ಬಂದು ಮೊಳೆತದ್ದೂ ಇದೆ. ನೌಕೆಯ ತಿರುಪು, ತಂತಿ, ಅಂಟುಗಳ ಸಂದಿ ಅಂಥ ಮರೆಯೇ ತಾನೆ?

2019ರ ಏಪ್ರಿಲ್ 11ರಂದು ಇಸ್ರೇಲಿನ ಖಾಸಗಿ ನೌಕೆ ಬೆರೆಶೀಟ್ ಚಂದ್ರನಿಗೆ ಅಪ್ಪಳಿಸಿತು. ಅದರೊಳಗೆ ಒಣಗಿದ ನೀರುಕರಡಿಗಳಿದ್ದವು ಎಂದು ಜಗತ್ತಿಗೆ ತಿಳಿದದ್ದು ಆಮೇಲೆ. ಅವನ್ನು ಇಟ್ಟ ಸಂಸ್ಥೆ ಮೊದಲೇ ಬಾಯಿ ಬಿಟ್ಟಿರಲಿಲ್ಲ. ನೀರುಕರಡಿಗಳನ್ನು ಬಂದೂಕಿನಲ್ಲಿ ಹಾರಿಸಿ ನೋಡಿದ ಮುಂದಿನ ಪ್ರಯೋಗಗಳ ಪ್ರಕಾರ ಆ ಅಪ್ಪಳಿಕೆಯಲ್ಲಿ ಅವು ಉಳಿದಿರುವುದು ಅನುಮಾನ. ಉಳಿದಿದ್ದರೂ ನೀರಿಲ್ಲದೆ ಏಳುವುದಿಲ್ಲ. ನನ್ನ ತಕರಾರು ಅವು ಬದುಕಿವೆಯೋ ಇಲ್ಲವೋ ಎನ್ನುವುದರ ಬಗ್ಗೆ ಅಲ್ಲ. ಹೇಳದೆ ತೆಗೆದುಕೊಂಡು ಹೋದರಲ್ಲ, ಅದರ ಬಗ್ಗೆ. ಈ ವ್ಯವಹಾರದಲ್ಲಿ ಕೊಳೆಯನ್ನಾದರೂ ಕ್ಷಮಿಸಬಹುದು, ಲೆಕ್ಕ ಬರೆಯದಿರುವುದನ್ನಲ್ಲ.

ತಪ್ಪು ಕಲ್ಪನೆ: ಬಾಹ್ಯಾಕಾಶ ಮಾಲಿನ್ಯ ಅಂದರೆ ಸತ್ತ ಉಪಗ್ರಹಗಳ ಕಸ.

ವಾಸ್ತವ: ಅದು ಬೇರೆಯದೇ ತಲೆನೋವು, ಅದಕ್ಕೆ ಬೇರೆಯದೇ ಕಚೇರಿ. ಭೂಮಿಯ ಸುತ್ತಲಿನ ಚೂರುಗಳ ಮೇಲೆ ಕಣ್ಣಿಡಲು ಇಸ್ರೋ 2022ರ ಜುಲೈನಲ್ಲಿ ಬೆಂಗಳೂರಿನಲ್ಲೇ ಒಂದು ಕೇಂದ್ರ ತೆರೆಯಿತು. ನಾವಿಲ್ಲಿ ಮಾತಾಡುತ್ತಿರುವುದು ಜೀವ ಮತ್ತು ಜೀವದ ಗುರುತುಗಳು ಒಂದು ಲೋಕದಿಂದ ಇನ್ನೊಂದಕ್ಕೆ ಅಂಟಿಕೊಂಡು ಹೋಗುವುದರ ಬಗ್ಗೆ.

ತಪ್ಪು ಕಲ್ಪನೆ: ಇದೆಲ್ಲ ಏಲಿಯನ್ ಕ್ರಿಮಿ ಬಂದು ನಮ್ಮನ್ನು ಮುಗಿಸುತ್ತದೆ ಎಂಬ ಸಿನಿಮಾ ಭಯ.

ವಾಸ್ತವ: ಭಯ ಎರಡು ದಿಕ್ಕಿನದು. ಅಲ್ಲಿಂದ ಇಲ್ಲಿಗೆ ಬರುವುದು ಒಂದು, ಇಲ್ಲಿಂದ ಅಲ್ಲಿಗೆ ಹೋಗುವುದು ಇನ್ನೊಂದು. ದಿನನಿತ್ಯದ ಕೆಲಸವೆಲ್ಲ ಎರಡನೆಯದರ ಬಗ್ಗೆಯೇ.

ಮೊದಲನೆಯದನ್ನು ಕಂಡು ನಗುವವರು ಯಲಹಂಕದ ಯಾವುದಾದರೂ ಖಾಲಿ ಸೈಟಿಗೆ ಹೋಗಿ ನೋಡಲಿ. ಸೊಂಟದೆತ್ತರ ಬೆಳೆದು ನಿಂತ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ, 1950ರ ದಶಕದಲ್ಲಿ ಪುಣೆಯಲ್ಲಿ ಕಂಡದ್ದು. ಆಮದು ಗೋಧಿಯ ಜೊತೆ ಬಂತೆಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. ಮೂಟೆಯಲ್ಲಿ ನಾಲ್ಕು ಬೀಜ ಕಂಡರೂ ಯಾರೂ ಲೆಕ್ಕಕ್ಕಿಡಲಿಲ್ಲ. ಇಂದು ಊರಿಗೆ ಊರೇ ಸೀನುತ್ತದೆ, ಚರ್ಮ ಕೆರೆದುಕೊಳ್ಳುತ್ತದೆ. ಅದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿಗೆ ತಂದಾಗ ಮಾತ್ರ ನಮ್ಮವರು ಬುದ್ಧಿ ಕಲಿತಿದ್ದರು: ಮೊದಲು ಮುಚ್ಚಿದ ಕೋಣೆಯಲ್ಲಿಟ್ಟು, ಇದು ಬೇರೆ ಬೆಳೆ ತಿನ್ನುತ್ತದೆಯೇ ಎಂದು ಪರೀಕ್ಷಿಸಿ, ಆಮೇಲೆ ಹೊರಗೆ ಬಿಟ್ಟರು. ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಇವತ್ತಿಗೂ ಅದೇ ಕ್ರಮ. ಪಪ್ಪಾಯಿಯ ಬಿಳಿ ಹಿಟ್ಟುತಿಗಣೆಯನ್ನು ಹತ್ತಿಕ್ಕಲು 2010ರಲ್ಲಿ ಪೋರ್ಟೊರಿಕೋದಿಂದ ಬಂದ ಪುಟ್ಟ ಕಣಜವೂ ಅಲ್ಲಿ ಕ್ವಾರಂಟೈನ್ ಮುಗಿಸಿಯೇ ತೋಟಕ್ಕೆ ಇಳಿದದ್ದು. ಹೊರಲೋಕದ ಮಾದರಿಗೂ ಬೇಕಾದದ್ದು ಇದೇ ವಿವೇಕ.

ಆ ವಿವೇಕವನ್ನು ತರಾತುರಿಯಲ್ಲಿ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಅಪೋಲೋ-11 ಸಾಕ್ಷಿ. ಮೂವರು ಯಾನಿಗಳನ್ನು 21 ದಿನದ ಲೆಕ್ಕದಲ್ಲಿ ಮುಚ್ಚಿದ ಕೋಣೆಯಲ್ಲಿಟ್ಟರು, ಅದಕ್ಕೆಂದೇ ಪ್ರಯೋಗಾಲಯ ಕಟ್ಟಿದರು. ಆದರೆ ಆ ಕೋಣೆಗೆ ಹೋಗುವ ಮೊದಲು, ನಡುಸಮುದ್ರದಲ್ಲಿ, ನೌಕೆಯ ಬಾಗಿಲನ್ನೇ ತೆಗೆದು ರಕ್ಷಣಾ ಉಡುಪನ್ನು ಒಳಗೆ ಕೊಟ್ಟಿದ್ದರು! ಚಂದ್ರನ ಧೂಳಿನಲ್ಲಿ ಏನಾದರೂ ಇದ್ದಿದ್ದರೆ ಅದು ಅಲ್ಲೇ ಪೆಸಿಫಿಕ್ಕಿಗೆ ಇಳಿದಿರುತ್ತಿತ್ತು. ಏನೂ ಇರಲಿಲ್ಲ, ಅದು ಅದೃಷ್ಟ. ಅಪೋಲೋ-14ರ ನಂತರ ಆ ಕ್ವಾರಂಟೈನನ್ನೇ ಕೈಬಿಟ್ಟರು.

ಎರಡನೆಯ ದಿಕ್ಕಿನ ಭಯ ಹೀಗಿದೆ: ಮಂಗಳನಲ್ಲಿ ಜೀವ ಇತ್ತೇ ಎಂದು ಹುಡುಕಲು ನೂರಾರು ಕೋಟಿ ಸುರಿದು ಹೋಗಿ, ಬ್ಯಾಕ್ಟೀರಿಯಾ ಸಿಕ್ಕಿತೆಂದು ಕುಣಿದು, ಕೊನೆಗೆ ಅದು ಜೋಡಣೆ ಮಾಡಿದವನ ಮೊಣಕೈಯದು ಎಂದು ತಿಳಿದರೆ? ಒಮ್ಮೆ ಕಲೆಸಿಹೋದ ಸಾಕ್ಷ್ಯವನ್ನು ಬೇರ್ಪಡಿಸುವ ಜರಡಿ ಇಲ್ಲ.

ತಪ್ಪು ಕಲ್ಪನೆ: ನೌಕೆ ಕಟ್ಟುವ ಕ್ಲೀನ್ ರೂಮಿನಲ್ಲಿ ಕ್ರಿಮಿಯೇ ಇರುವುದಿಲ್ಲ.

ವಾಸ್ತವ: ಕ್ಲೀನ್ ರೂಮ್ ಎಣಿಸುವುದು ಧೂಳನ್ನು, ಜೀವವನ್ನಲ್ಲ. ಹಳಬರು 'ಕ್ಲಾಸ್ ಒಂದು ಲಕ್ಷ' ಎನ್ನುವ ಕೋಣೆಯ ಅರ್ಥ ಇಷ್ಟೇ: ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನಿಗಿಂತ ದೊಡ್ಡ ಕಣಗಳು ಒಂದು ಲಕ್ಷ ಮೀರಬಾರದು. ಲಕ್ಷ ಎಂದರೆ ಜಾಸ್ತಿ ಅನಿಸುತ್ತದೆ. ತುಮಕೂರು ರಸ್ತೆಯ ಗೊರಗುಂಟೆಪಾಳ್ಯ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ನಿಂತು ಉಸಿರೆಳೆದವರಿಗೆ ಅದು ಸ್ವರ್ಗ.

ಕ್ಲೀನ್ ರೂಮಿನ ಮಾತಿನಲ್ಲಿ ಪೀಣ್ಯದ ಹೆಸರು ಬಂದಾಗ ನಮ್ಮ ಯಜಮಾನರ ಕಣ್ಣರಳುತ್ತದೆ. 1970ರ ದಶಕದ ಮೊದಲಲ್ಲಿ, ಉಡುಪಿ ಕಡೆಯ ಅದಮಾರಿನಿಂದ ಬಂದ ಯು.ಆರ್. ರಾವ್ ಅವರ ನಾಯಕತ್ವದಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲೇ. ಕಾರ್ಖಾನೆಗೆಂದು ಕಟ್ಟಿದ ಶೆಡ್ಡಿನೊಳಗೇ ಕ್ಲೀನ್ ರೂಮ್ ಮಾಡಿಕೊಂಡು, 1975ರ ಏಪ್ರಿಲ್ 19ಕ್ಕೆ ಸೋವಿಯತ್ ನೆಲದಿಂದ ಹಾರಿಸಿದರು. ಆದರೆ ಭೂಮಿಯನ್ನೇ ಸುತ್ತುವ ಉಪಗ್ರಹಕ್ಕೆ ಧೂಳಿನ ಚಿಂತೆ ಇದ್ದರೆ ಸಾಕು. ಒಂದು ಕಣ ಲೆನ್ಸಿನ ಮೇಲೆ ಕೂರಬಾರದು, ಒಂದು ನಾರು ರಿಲೇಯಲ್ಲಿ ಸಿಕ್ಕಬಾರದು, ಅಷ್ಟೇ. ಮಂಗಳನ ನೆಲಕ್ಕೆ ಇಳಿಯುವ ನೌಕೆಯ ಕಷ್ಟ ಬೇರೆ.

ಅಲ್ಲಿ ಕ್ರಿಮಿ ಎಣಿಸುವ ಬಗೆಯನ್ನು ನೋಡಿ. ಒದ್ದೆ ಹತ್ತಿಯ ಸ್ವಾಬ್‌ನಿಂದ ನೌಕೆಯ ಒಂದು ಪುಟ್ಟ ಜಾಗವನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಒರೆಸುತ್ತಾರೆ. ಸ್ವಾಬನ್ನು ನೀರಿನಲ್ಲಿ ಅಲ್ಲಾಡಿಸಿ, ಆ ನೀರನ್ನು 80 ಡಿಗ್ರಿಯಲ್ಲಿ 15 ನಿಮಿಷ ಕಾಯಿಸುತ್ತಾರೆ. ಸಾಮಾನ್ಯ ಬ್ಯಾಕ್ಟೀರಿಯಾಗಳೆಲ್ಲ ಅಲ್ಲೇ ಖಲಾಸ್. ಸಾಯದೆ ಉಳಿಯುವುದು ಸ್ಪೋರ್ ಮಾತ್ರ. ರಾತ್ರಿ ಬೇಯಿಸಿದ ಅನ್ನವನ್ನು ಹೊರಗೇ ಬಿಟ್ಟರೆ ಬೆಳಿಗ್ಗೆ ಹೊಟ್ಟೆ ಕೆಡುವುದು ಇದರ ನೆಂಟನಿಂದಲೇ. ಅಕ್ಕಿ ಕುದಿದರೂ ಅದು ಸತ್ತಿರುವುದಿಲ್ಲ. ಹಾಗೆ ಕಾಯಿಸಿದ ನೀರನ್ನು ಪೋಷಕಾಂಶ ಬೆರೆಸಿದ ಅಗರ್ ಮೇಲೆ ಹಾಕಿ 32 ಡಿಗ್ರಿಯಲ್ಲಿ ಮೂರು ದಿನ ಇಡುತ್ತಾರೆ. ತಟ್ಟೆಯ ಮೇಲೆ ಎದ್ದ ಒಂದೊಂದು ಬಿಳಿ ಚುಕ್ಕೆಯೂ ಲೆಕ್ಕದ ಪುಸ್ತಕದಲ್ಲಿ ಒಂದು ಗೀಟು. ಜೀವ ಹುಡುಕುವ ಉಪಕರಣ ಇಲ್ಲದ ಮಂಗಳ ನೌಕೆಗೆ ಮಿತಿ: ಒಂದು ಚದರ ಮೀಟರಿಗೆ ಸರಾಸರಿ 300 ಸ್ಪೋರ್, ಇಡೀ ನೌಕೆಗೆ 3 ಲಕ್ಷ. ಸೊನ್ನೆ ಯಾರೂ ಕೇಳುವುದಿಲ್ಲ. ಜೀವವನ್ನೇ ಹುಡುಕಲು ಹೋದ ವೈಕಿಂಗ್ ನೌಕೆಗಳನ್ನು 1975ರಲ್ಲಿ ಸುಮಾರು 112 ಡಿಗ್ರಿ ಒಣಶಾಖದಲ್ಲಿ ಹೆಚ್ಚುಕಡಿಮೆ 30 ಗಂಟೆ ಬೇಯಿಸಿದ್ದರು. ಬ್ಯಾಟರಿ, ಅಂಟು, ಚಿಪ್‌ಗಳೆಲ್ಲ ಆ ಕಾವನ್ನು ತಡೆಯುವಂತೆ ಮೊದಲೇ ತಯಾರಾಗಿರಬೇಕು. ಖರ್ಚು ನೆತ್ತಿಗೇರುವುದು ಇಲ್ಲೇ.

ಇನ್ನು, ತೊಳೆದಷ್ಟೂ ಗಟ್ಟಿಗರೇ ಉಳಿಯುತ್ತಾರೆ. 2013ರಲ್ಲಿ ವಿವರಿಸಿದ ಟರ್ಸಿಕಾಕಸ್ ಎಂಬ ಬ್ಯಾಕ್ಟೀರಿಯಾ ಆವರೆಗೆ ಸಿಕ್ಕಿದ್ದು ಎರಡೇ ಕಡೆ: ಫ್ಲಾರಿಡಾದ ಒಂದು ಕ್ಲೀನ್ ರೂಮಿನಲ್ಲಿ ಮತ್ತು ಅಲ್ಲಿಂದ ನಾಲ್ಕು ಸಾವಿರ ಕಿ.ಮೀ. ದೂರದ ಫ್ರೆಂಚ್ ಗಯಾನಾದ ಇನ್ನೊಂದು ಕ್ಲೀನ್ ರೂಮಿನಲ್ಲಿ. ಬಾಹ್ಯಾಕಾಶ ನಿಲ್ದಾಣದ ಗಾಳಿ ಸೋಸುಕದಲ್ಲಿ ಸಿಕ್ಕ ಇನ್ನೊಂದಕ್ಕೆ ಅಬ್ದುಲ್ ಕಲಾಂ ಹೆಸರಿಟ್ಟು ಸೋಲಿಬ್ಯಾಸಿಲಸ್ ಕಲಾಮಿ ಎಂದು ಕರೆದಿದ್ದಾರೆ.

ಮಡಿ ಎಂಬ ಮಾತು ಇಲ್ಲಿ ನಾಲಿಗೆಗೆ ಬರುತ್ತದೆ, ಶೀರ್ಷಿಕೆಯಲ್ಲಿ ನಾನೂ ಬಳಸಿದ್ದೇನೆ. ಆದರೆ ಆ ಪದದ ಹಿಂದೆ ಯಾರನ್ನು ಹೊರಗೆ ನಿಲ್ಲಿಸಿದರು ಎಂಬ ಕತೆಯೂ ಇದೆ, ಅದನ್ನು ಮರೆತು ಬಳಸಲಾಗದು. ಹಳೆಯ ಮಡಿ ಇಂಥವರು ಮುಟ್ಟಿದರೆ ಮೈಲಿಗೆ ಎಂದಿತು. ಇದು ಯಾರು ಮುಟ್ಟಿದರೂ ಎಷ್ಟು ಅಂಟಿತು ಎಂದು ಎಣಿಸಿ ಬರೆಯುತ್ತದೆ.

ತಪ್ಪು ಕಲ್ಪನೆ: ಎಲ್ಲಿಗೆ ಹೋದರೂ ಒಂದೇ ನಿಯಮ.

ವಾಸ್ತವ: ಹೋಗುವ ಜಾಗ ಮತ್ತು ಹೋಗಿ ಮಾಡುವ ಕೆಲಸ, ಎರಡನ್ನೂ ನೋಡಿ ಐದು ವರ್ಗ ಮಾಡಿದ್ದಾರೆ. ಮಾಡಿದವರು ಕಾಸ್ಪಾರ್, 1958ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಮಿತಿ. ಜೀವದ ಪ್ರಶ್ನೆಯೇ ಏಳದ ಬಂಡೆಗಳು 1ನೇ ವರ್ಗ, ಅಲ್ಲಿಗೆ ಹೇಗೆ ಬೇಕಾದರೂ ಹೋಗಿ. ಚಂದ್ರ, ಶುಕ್ರ 2ನೇ ವರ್ಗ: ತೊಳೆಯುವುದೇನೂ ಬೇಡ, ಕಾಗದಪತ್ರ ಇಡಿ. ಮಂಗಳನನ್ನೋ ಗುರುವಿನ ಚಂದ್ರ ಯುರೋಪಾವನ್ನೋ ಸುತ್ತಿದರೆ, ಹಾದುಹೋದರೆ 3, ಇಳಿದರೆ 4. ಎಲ್ಲಿಂದಲಾದರೂ ವಾಪಸು ಬಂದರೆ 5.

ನಮ್ಮ ಮಂಗಳಯಾನವನ್ನೇ ತೆಗೆದುಕೊಳ್ಳಿ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಅದು ಮಂಗಳನ ಕಕ್ಷೆ ಸೇರಿ, ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ನಿಯಂತ್ರಣ ಕೇಂದ್ರದಲ್ಲಿ ಚಪ್ಪಾಳೆ ಬಿದ್ದಾಗ ನಾವೆಲ್ಲ ನೋಡಿದ್ದು ಅಗ್ಗದ ಸಾಹಸವನ್ನು. ಅದು ಸೇರುವ 3ನೇ ವರ್ಗದ ಷರತ್ತು ಏನೆಂದರೆ, ನೌಕೆಯನ್ನು ಕ್ರಿಮಿ ಎಣಿಸಿ ತೊಳೆಯದಿದ್ದರೆ ಅದು ಮಂಗಳನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು: 20 ವರ್ಷ ಬೀಳದಿರುವ ಸಾಧ್ಯತೆ ನೂರಕ್ಕೆ 99, 50 ವರ್ಷಕ್ಕೆ ನೂರಕ್ಕೆ 95. ಮಂಗಳಯಾನದ ಕಕ್ಷೆ ಹತ್ತಿರದಲ್ಲಿ ಸುಮಾರು 420 ಕಿ.ಮೀ., ದೂರದಲ್ಲಿ ಸುಮಾರು 77,000 ಕಿ.ಮೀ. ಇಷ್ಟು ಉದ್ದನೆಯ ಕಕ್ಷೆಗೆ ಇಂಧನ ಕಡಿಮೆ ಸಾಕು ಎನ್ನುವುದು ಎಲ್ಲರಿಗೂ ಗೊತ್ತು. ಹೆಚ್ಚು ಹೊತ್ತು ದೂರದಲ್ಲೇ ಇರುವ ನೌಕೆ ಬೇಗ ಕೆಳಗೆ ಬೀಳುವುದಿಲ್ಲ ಎನ್ನುವ ಲಾಭವೂ ಜೊತೆಗೇ ಬರುತ್ತದೆ. 2022ರಲ್ಲಿ ಸಂಪರ್ಕ ಕಡಿದುಹೋದ ಮೇಲೂ ಆ ಲೆಕ್ಕಕ್ಕೆ ರಜೆಯಿಲ್ಲ.

ರಾಕೆಟ್ಟಿಗೂ ಲೆಕ್ಕವಿದೆ. ದೊಡ್ಡ ರಾಕೆಟ್ಟುಗಳು ನೌಕೆಯನ್ನು ನೇರ ಮಂಗಳನತ್ತ ಎಸೆಯುವಾಗ ಕೊನೆಯ ಹಂತವೂ ಹಿಂದೆ ಹಿಂದೆ ಹೋಗುತ್ತದೆ. ತೊಳೆಯದ ಆ ಲೋಹದ ಡಬ್ಬಿ ಮಂಗಳನಿಗೆ ಬಡಿಯದಿರಲಿ ಎಂದು ಮೊದಲು ಗುರಿಯನ್ನೇ ಒಂಚೂರು ಪಕ್ಕಕ್ಕೆ ಇಡುತ್ತಾರೆ, ಆಮೇಲೆ ನೌಕೆ ತಾನೇ ತಿದ್ದಿಕೊಳ್ಳುತ್ತದೆ. ನಮ್ಮ ಪಿ.ಎಸ್.ಎಲ್.ವಿ.ಗೆ ಅಷ್ಟು ಕಸುವಿರಲಿಲ್ಲ. ಅದು ನೌಕೆಯನ್ನು ಭೂಮಿಯ ಕಕ್ಷೆಯಲ್ಲಿ ಬಿಟ್ಟು ಕೈತೊಳೆದುಕೊಂಡಿತು, ಉಳಿದ ದಾರಿಯನ್ನು ನೌಕೆ ತನ್ನದೇ ಎಂಜಿನ್ನಿನಲ್ಲಿ ಸಾಗಿತು. ಬಡತನ ಕೆಲವೊಮ್ಮೆ ಶುಚಿಯನ್ನೂ ಕಾಯುತ್ತದೆ.

ಚಂದ್ರಯಾನ-3ರ ಕತೆಯಲ್ಲಿ ಇನ್ನೊಂದು ತಪ್ಪು ಸೇರಿಕೊಂಡಿದೆ. 'ದಕ್ಷಿಣ ಧ್ರುವದಲ್ಲಿ ಇಳಿಯಿತು' ಎಂದು ಆ ಸಂಜೆಯಿಂದ ಎಲ್ಲರೂ ಹೇಳುತ್ತಿದ್ದಾರೆ. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದದ್ದು ದಕ್ಷಿಣ ಅಕ್ಷಾಂಶ 69.37 ಡಿಗ್ರಿಯಲ್ಲಿ. ಅಲ್ಲಿಂದ ಧ್ರುವಕ್ಕೆ ಇನ್ನೂ 600 ಕಿ.ಮೀ.ಗೂ ಹೆಚ್ಚು, ಬೆಂಗಳೂರಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಹೋದಷ್ಟು ದೂರ, ಮೇಲೆ ಇನ್ನೊಂಚೂರು. ಇದರಿಂದ ಸಾಧನೆಯೇನೂ ಸಣ್ಣದಾಗುವುದಿಲ್ಲ, ಅಷ್ಟು ದಕ್ಷಿಣಕ್ಕೆ ಮೆತ್ತಗೆ ಇಳಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಆದರೆ ನೀತಿಯ ದೃಷ್ಟಿಯಿಂದ ಆ ಅಂತರ ದೊಡ್ಡದು. 2021ರಲ್ಲಿ ಕಾಸ್ಪಾರ್ ಚಂದ್ರನನ್ನು ಎರಡು ಭಾಗ ಮಾಡಿತು. ಬೇರೆ ಕಡೆ ಇಳಿಯುವವರು ಎಂಜಿನ್ ಉಗುಳುವ ವಸ್ತುಗಳ ಪಟ್ಟಿ ಕೊಟ್ಟರೆ ಸಾಕು. ದಕ್ಷಿಣಕ್ಕೆ 79 ಡಿಗ್ರಿ, ಉತ್ತರಕ್ಕೆ 86 ಡಿಗ್ರಿ ದಾಟಿದ ಧ್ರುವ ಪ್ರದೇಶಕ್ಕೆ, ಎಂದೂ ಬಿಸಿಲು ಕಾಣದ ಕುಳಿಗಳಿಗೆ ಹೋಗುವವರು ನೌಕೆಯಲ್ಲಿರುವ ಸಾವಯವ ವಸ್ತುಗಳ ಪೂರ್ತಿ ಪಟ್ಟಿಯನ್ನೂ ಕೊಡಬೇಕು.

ಯಾಕೆಂದರೆ ಆ ಕುಳಿಗಳು ಕೋಟ್ಯಂತರ ವರ್ಷಗಳ ಫ್ರಿಜ್ಜು. ಧೂಮಕೇತುಗಳು ತಂದು ಹಾಕಿದ ನೀರು, ಇಂಗಾಲದ ಸಂಯುಕ್ತಗಳು ಅಲ್ಲಿ ಹೆಪ್ಪುಗಟ್ಟಿ ಕೂತಿರಬಹುದು. ಚಂದ್ರನಲ್ಲಿ ನೀರಿನ ಸುಳಿವು ಹಿಡಿದದ್ದೇ 2008ರ ನಮ್ಮ ಚಂದ್ರಯಾನ-1ರ ಉಪಕರಣಗಳು. ಈಗ ಇಳಿಯುವ ನೌಕೆಯ ಇಂಧನ ಉರಿದಾಗ ಹೊರಬರುವುದರಲ್ಲಿ ನೀರಾವಿಯೂ ಸೇರಿದೆ, ಅದೂ ಹೋಗಿ ಅದೇ ಕುಳಿಗಳಲ್ಲಿ ಕೂರಬಹುದು. ನೀರು ಹುಡುಕಲು ಹೋಗಿ ನಾವೇ ಚೊಂಬು ಚೆಲ್ಲಿ ಬಂದಂತೆ. ಜಪಾನಿನ ಜೊತೆ ಹೋಗಲಿರುವ ಚಂದ್ರಯಾನ-5, ಅಂದರೆ ಲುಪೆಕ್ಸ್, ಹೊರಟಿರುವುದು ಧ್ರುವದತ್ತಲೇ. ಆ ಪಟ್ಟಿ ಬರೆಯುವ ಕೆಲಸ ಬೆಂಗಳೂರಿನ ಮೇಜುಗಳಿಗೆ ತಪ್ಪಿದ್ದಲ್ಲ.

ತಪ್ಪು ಕಲ್ಪನೆ: ನೌಕೆ ಸತ್ತ ಮೇಲೆ ಚಿಂತೆ ಮುಗಿಯಿತು.

ವಾಸ್ತವ: ಸಾಯುವ ಮುಂಚೆಯೇ ಸಂಸ್ಕಾರ ಮಾಡಿದ ಉದಾಹರಣೆಗಳಿವೆ. ಯುರೋಪಾಗೆ ಬಡಿಯದಿರಲೆಂದು ಗೆಲಿಲಿಯೋ ನೌಕೆಯನ್ನು 2003ರಲ್ಲಿ ಗುರುವಿನೊಳಕ್ಕೆ, ಶನಿಯ ಚಂದ್ರ ಎನ್ಸೆಲಾಡಸ್ ಕೆಡದಿರಲೆಂದು ಕ್ಯಾಸಿನಿಯನ್ನು 2017ರ ಸೆಪ್ಟೆಂಬರ್ 15ರಂದು ಶನಿಯೊಳಕ್ಕೆ ಬೀಳಿಸಿ ಸುಟ್ಟರು.

ತಪ್ಪು ಕಲ್ಪನೆ: ಚಂದ್ರನ ಮೇಲೆ ಬ್ಯಾಕ್ಟೀರಿಯಾ ಎರಡೂವರೆ ವರ್ಷ ಬದುಕಿತ್ತು, ಅದು ಸಾಬೀತಾಗಿದೆ.

ವಾಸ್ತವ: ಕನ್ನಡದ ವಿಜ್ಞಾನ ಲೇಖನಗಳಲ್ಲೂ ಓಡಾಡುವ ಕತೆ ಇದು, ನಾನೇ ಒಮ್ಮೆ ಬರೆದಿದ್ದೆ. 1967ರಲ್ಲಿ ಇಳಿದ ಸರ್ವೇಯರ್-3ರ ಕ್ಯಾಮೆರಾವನ್ನು 1969ರಲ್ಲಿ ಅಪೋಲೋ-12ರವರು ಬಿಚ್ಚಿ ತಂದರು, ಅದರೊಳಗಿನ ಫೋಮ್‌ನಲ್ಲಿ ಮನುಷ್ಯನ ಬಾಯಿಯ ಸ್ಟ್ರೆಪ್ಟೊಕಾಕಸ್ ಸಿಕ್ಕಿತು. ಮುಂದೆ ಹಳೆಯ ಚಿತ್ರ, ದಾಖಲೆಗಳನ್ನು ತಿರುವಿದವರು ನೋಡಿದ್ದೇನು? ಮಾದರಿ ತೆಗೆದವರ ಅಂಗಿಯ ತೋಳು ಗಿಡ್ಡ, ಚರ್ಮ ಬಯಲು. ಬ್ಯಾಕ್ಟೀರಿಯಾ ಅಂಟಿದ್ದು ಬಹುಶಃ ವಾಪಸು ಬಂದ ಮೇಲೆ, ಇಲ್ಲಿಯೇ. ಜಪಾನಿನ ಹಯಬುಸಾ-2 ರ್‍ಯುಗು ಕ್ಷುದ್ರಗ್ರಹದಿಂದ 2020ರಲ್ಲಿ ತಂದ ಮಾದರಿಯ ಒಂದು ಕಣದ ಮೇಲೆ ಬ್ಯಾಕ್ಟೀರಿಯಾ ಬೆಳೆದದ್ದು 2024ರಲ್ಲಿ ವರದಿಯಾಯಿತು, ಅವೂ ಭೂಮಿಯವೇ. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಚಂದ್ರಯಾನ-4 ಚಂದ್ರನ ಮಣ್ಣು ತರಲಿದೆ. ಚಂದ್ರನಿಂದ ಬರುವ ಮಣ್ಣಿಗೆ ಕ್ವಾರಂಟೈನ್ ಕಡ್ಡಾಯವಿಲ್ಲ. ಮಣ್ಣಿನಿಂದ ನಮಗೇನೂ ಆಗುವುದಿಲ್ಲ, ನಮ್ಮಿಂದ ಮಣ್ಣಿಗೆ ಏನೂ ಆಗದಂತೆ ನೋಡಿಕೊಳ್ಳುವುದೇ ಅಲ್ಲಿ ಕೆಲಸ.

ತಪ್ಪು ಕಲ್ಪನೆ: ಇದು ನಾಸಾದವರ ಕಾನೂನು, ನಮಗೆ ಯಾಕೆ?

ವಾಸ್ತವ: 1967ರ ಬಾಹ್ಯಾಕಾಶ ಒಪ್ಪಂದದ 9ನೇ ವಿಧಿ ಹಾನಿಕರ ಮಾಲಿನ್ಯವನ್ನು ತಡೆಯಿರಿ ಎನ್ನುತ್ತದೆ. ಭಾರತ ಅದಕ್ಕೆ ಅದೇ ವರ್ಷ ಸಹಿ ಹಾಕಿತು, 1982ರಲ್ಲಿ ಅನುಮೋದಿಸಿತು. ಕಾಸ್ಪಾರ್ ಕೂಡ ದೂರದ ಬಿಳಿಯರ ಕೂಟವಲ್ಲ. ಅದರ ಮಹಾಸಭೆ 1979ರಲ್ಲಿ ಬೆಂಗಳೂರಿನಲ್ಲಿ, 2012ರ ಜುಲೈನಲ್ಲಿ ಮೈಸೂರಿನಲ್ಲಿ ನಡೆದಿದೆ. ಪೀಣ್ಯದ ಶೆಡ್ಡಿನ ಯು.ಆರ್. ರಾವ್ ಅವರೇ 1997ರಿಂದ 2000ದವರೆಗೆ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯ ಅಧ್ಯಕ್ಷರಾಗಿದ್ದರು.

ಕಾಸ್ಪಾರ್ ಪಟ್ಟಿಗೆ ಕಾನೂನಿನ ಬಲವಿಲ್ಲ, ಉಲ್ಲಂಘಿಸಿದರೆ ಹಿಡಿಯುವ ಪೊಲೀಸರೂ ಇಲ್ಲ. ನಡೆಯುವುದು ಪರಸ್ಪರ ಮರ್ಯಾದೆಯ ಮೇಲೆ: ಇವತ್ತು ನೀನು ಕೆಡಿಸಿದರೆ ನಾಳೆ ನಿನ್ನ ಫಲಿತಾಂಶವನ್ನು ಯಾರೂ ನಂಬುವುದಿಲ್ಲ. ಸರ್ಕಾರಿ ಸಂಸ್ಥೆಗಳಿಗೆ ಅಷ್ಟು ಭಯ ಸಾಕು. ಖಾಸಗಿಯವರಿಗೆ ಸಾಲದು ಎಂದು ಬೆರೆಶೀಟ್ ತೋರಿಸಿದೆ. ಒಪ್ಪಂದದ 6ನೇ ವಿಧಿಯಂತೆ ಖಾಸಗಿ ಕಂಪನಿ ಮಾಡಿದ್ದಕ್ಕೂ ಆ ದೇಶದ ಸರ್ಕಾರವೇ ಹೊಣೆ. ನಮ್ಮಲ್ಲಿ 2023ರ ಬಾಹ್ಯಾಕಾಶ ನೀತಿಯ ಪ್ರಕಾರ ಖಾಸಗಿಯವರಿಗೆ ಅನುಮತಿ ಕೊಡುವುದು ಇನ್‌ಸ್ಪೇಸ್. ಅದರ ಅರ್ಜಿಯಲ್ಲಿ 'ನೌಕೆಯೊಳಗೆ ಜೀವ ಅಥವಾ ಸಾವಯವ ವಸ್ತು ಏನೇನಿದೆ?' ಎಂಬ ಒಂದು ಸಾಲು, ಉತ್ತರ ಸುಳ್ಳಾದರೆ ಏನಾಗುತ್ತದೆ ಎಂಬ ಇನ್ನೊಂದು ಸಾಲು ದಪ್ಪಕ್ಷರದಲ್ಲಿ ಇರಲೇಬೇಕು ಎನ್ನುವುದು ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: ಯಾನಿಗಳನ್ನು ಹಾರುವ ಮುಂಚೆ ಕ್ವಾರಂಟೈನಿನಲ್ಲಿ ಇಡುವುದು ಬಾಹ್ಯಾಕಾಶ ಕೆಡದಿರಲೆಂದು.

ವಾಸ್ತವ: ಅಲ್ಲ. ಕಕ್ಷೆಯಲ್ಲಿ ಅವರಿಗೆ ನೆಗಡಿ ಬಾರದಿರಲೆಂದು.

ತಪ್ಪು ಕಲ್ಪನೆ: ಮನುಷ್ಯ ಹೋದ ಮೇಲೆ ಈ ನಿಯಮಗಳಿಗೆಲ್ಲ ಅರ್ಥವಿಲ್ಲ.

ವಾಸ್ತವ: ಇದು ಅರ್ಧ ಸತ್ಯ, ಅದಕ್ಕೇ ಕಷ್ಟದ್ದು. ಒಬ್ಬ ಮನುಷ್ಯನೊಳಗೆ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ. ಅವನನ್ನು 112 ಡಿಗ್ರಿಯಲ್ಲಿ ಬೇಯಿಸುವಂತಿಲ್ಲ. ಅಪೋಲೋದವರು ತಮ್ಮ ಮಲಮೂತ್ರದ ಚೀಲಗಳನ್ನು ಚಂದ್ರನ ಮೇಲೇ ಬಿಟ್ಟು ಬಂದಿದ್ದಾರೆ. 2040ರ ಹೊತ್ತಿಗೆ ಭಾರತೀಯರನ್ನು ಚಂದ್ರನ ಮೇಲೆ ಇಳಿಸುವ ಗುರಿ ನಮ್ಮದು. ಹಾಗಾಗಿ ಪ್ರಶ್ನೆ ಬದಲಾಗುತ್ತದೆ: ಎಲ್ಲಿ ಕೆಡಿಸಿದರೆ ನಡೆಯುತ್ತದೆ, ಯಾವ ಕುಳಿಯನ್ನು ಮುಟ್ಟಬಾರದು, ಯಾರ ಜೊತೆ ಏನು ಹೋಯಿತು.

ಟಾಟಾ ಇನ್‌ಸ್ಟಿಟ್ಯೂಟಿನ ಅದೇ ಆವರಣದಲ್ಲಿ ಅಲೋಕ್ ಕುಮಾರ್ ಮತ್ತವರ ಜೊತೆಗಾರರು ಇಸ್ರೋ ಜೊತೆ ಸೇರಿ 2020ರಲ್ಲಿ, ಚಂದ್ರನ ಮೇಲೆ ಮನೆ ಕಟ್ಟಲೆಂದು 'ಬಾಹ್ಯಾಕಾಶ ಇಟ್ಟಿಗೆ' ಮಾಡಿ ತೋರಿಸಿದರು. ಚಂದ್ರನ ಮಣ್ಣಿನಂಥ ಪುಡಿಗೆ ಸ್ಪೋರೋಸಾರ್ಸಿನಾ ಎಂಬ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಜಾತಿಯ ಬೀಜದ ಅಂಟು ಬೆರೆಸಿದರೆ ಬ್ಯಾಕ್ಟೀರಿಯಾ ಸುಣ್ಣದ ಹರಳು ಕಟ್ಟಿ ಪುಡಿಯನ್ನು ಗಟ್ಟಿ ಮಾಡುತ್ತದೆ. ಸಿಮೆಂಟ್ ಮೂಟೆ ಹೊತ್ತೊಯ್ಯುವ ಕೆಲಸವಿಲ್ಲ, ಯೂರಿಯಾ ಯಾನಿಗಳ ಮೂತ್ರದಲ್ಲೇ ಸಿಗುತ್ತದೆ. ಒಂದು ಕಟ್ಟಡದಲ್ಲಿ ಸುಲಭಕ್ಕೆ ಸಾಯದ ನೀರುಕರಡಿ, ಇನ್ನೊಂದರಲ್ಲಿ ಬೇಕೆಂದೇ ಕರೆದೊಯ್ಯಬೇಕಾದ ಗಾರೆ ಕೆಲಸದ ಬ್ಯಾಕ್ಟೀರಿಯಾ.

ಇದನ್ನು ಹೇಳುವ ಹೊತ್ತಿಗೆ ಯಜಮಾನರು ಗೋಡೆ ಕೆರೆದು ಮುಗಿಸಿ, ಕಾಫಿ ಲೋಟ ಹಿಡಿದು ಗೇಟಿಗೆ ಒರಗಿದ್ದರು.

"ಹಂಗಾದ್ರೆ ಆ ಉಚ್ಚೆನೂ ನಿಮ್ಮ ಪಟ್ಟೀಲಿ ಬರ್ಕೋಬೇಕಾ?"

"ಧ್ರುವದ ಹತ್ರ ಆದ್ರೆ ಬರೀಲೇಬೇಕು ಸಾರ್. ಯೂರಿಯಾ ಸಾವಯವ ವಸ್ತು ಅಲ್ವಾ?"

"ಎಷ್ಟು ಲೀಟ್ರು ಅಂತಾನೂ?"

"ಎಷ್ಟು ಅಂತಾನೂ."

ಅವರು ಒಂದು ಗುಟುಕು ಕುಡಿದು, ಕೆರೆದ ಪಾಚಿಯ ಗುಡ್ಡೆಯನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಪೊರಕೆಯ ಬದಲು ಒಂದು ಹಳೆಯ ಬಟ್ಟಲು ತಂದರು.